ಸಿಟ್ಟು ಬಂದರೆ ನಡೆಯುವ ಹುಡುಗಿ

ನಮ್ಮ ಮಂಡ್ಯ ಸೀಮೆಯಲ್ಲಿ ಸಿಟ್ಟಿನವಳು ಅಂತ ಹೆಸರು ತೆಗೆದುಕೊಳ್ಳುವುದು ಸಾಮಾನ್ಯದ ಮಾತಲ್ಲ. ಇಲ್ಲಿ ನಾವು ಊಟಕ್ಕೆ ಕರೆದರೂ ಹೊರಗಿನವರಿಗೆ ಜಗಳಕ್ಕೆ ಕರೆದ ಹಾಗೆ ಕೇಳಿಸುತ್ತದೆ. ನಾನು ಮಳವಳ್ಳಿ ಕಡೆಯ ಬಸ್ಸಿನ ಕಂಡಕ್ಟರು, ಹೆಸರು ಶಶಿಧರ್. "ಒಳೀಕ್ ಓಗ್ರಲಾ, ಬಾಗ್ಲಲ್ಲೇನ್ ತೊಟ್ಲು ಕಟ್ಟಿದ್ದಾರಾ?" ಅಂತ ನಾನು ಪ್ರೀತಿಯಿಂದಲೇ ಹೇಳುತ್ತೇನೆ. ಮೈಸೂರಿನಲ್ಲಿ ಹತ್ತಿದ ಹೊಸ ಮೇಷ್ಟ್ರೊಬ್ಬರು ಒಮ್ಮೆ ಆ ಪ್ರೀತಿ ತಾಳಲಾರದೆ ಬನ್ನೂರಿನಲ್ಲಿ ಇಳಿದೇ ಹೋದರು. ಇಂಥ ಸೀಮೆಯಲ್ಲಿ, ಇಂಥ ಸೋದರಮಾವನಿರುವ ವಂಶದಲ್ಲಿ, ಹದಿನೈದು ತುಂಬುವುದರೊಳಗೆ "ಅಯ್ಯೋ, ಆ ಸಿಟ್ಟಿನ ಹುಡ್ಗೀನಾ?" ಅನ್ನಿಸಿಕೊಂಡಳು ಎಂದರೆ ನನ್ನ ಅಕ್ಕನ ಕಿರಿಮಗಳು ರಂಜಿತ ಎಂಥವಳಿರಬೇಕು, ನೀವೇ ಯೋಚಿಸಿ.

ಅಕ್ಕನನ್ನು ಕೊಟ್ಟಿದ್ದು ಕಿರುಗಾವಲಿಗೆ. ಭಾವ ಚಲುವರಾಜು ಕಬ್ಬು, ಭತ್ತ ಬೆಳೆಯುವ ಮನುಷ್ಯ. ಮನೆಯಲ್ಲಿ ಭಾವನ ತಾಯಿ ಸಣ್ಣತಾಯಮ್ಮ ಇದ್ದಾರೆ. ಹಿರಿಮಗಳು ಅರ್ಪಿತ, ಕಿರಿಯವಳು ರಂಜಿತ. ಅರ್ಪಿತ ಬಾಯಿಗೆ ಬೆರಳಿಟ್ಟರೂ ಕಚ್ಚದವಳು. ರಂಜಿತಳ ಬಾಯಿಯ ಹತ್ತಿರ ಬೆರಳು ಒಯ್ಯುವ ಧೈರ್ಯ ಯಾರೂ ಮಾಡಿಲ್ಲ.

ಹನ್ನೆರಡು ವರ್ಷದವರೆಗೆ ಹುಡುಗಿ ಚೆನ್ನಾಗಿಯೇ ಇದ್ದಳು. ನಾನು ಹೋದರೆ ಟಿಕೆಟ್ ಮೆಷಿನ್ ಕಿತ್ತುಕೊಂಡು ಎಮ್ಮೆಗಳಿಗೆಲ್ಲ ಟಿಕೆಟ್ ಹರಿಯುವ ಆಟ ಆಡುತ್ತಿದ್ದಳು. ಹದಿಮೂರಕ್ಕೆ ಕಾಲಿಟ್ಟಳೋ ಇಲ್ಲವೋ, ಒಳಗೆ ಯಾರೋ ಒಲೆ ಹಚ್ಚಿ ಹೋದಂತಾಯಿತು. ಒಂದು ದಿನ ಊಟಕ್ಕೆ ಕೂತಾಗ ಭಾವ "ಯಾವಾಗ್ಲೂ ಮೊಬೈಲು" ಅಂದರಂತೆ, ಅಷ್ಟೇ. ತಟ್ಟೆಯಲ್ಲಿದ್ದ ರಾಗಿ ಮುದ್ದೆ ಹಾರಿ ಗೋಡೆಗೆ ಅಂಟಿಕೊಂಡಿತು. ಸಣ್ಣತಾಯಮ್ಮ ಎದ್ದುಹೋಗಿ ಗೋಡೆಯ ಮುದ್ದೆಯನ್ನು ಬೆರಳಲ್ಲಿ ಒತ್ತಿ ನೋಡಿ, "ಮುದ್ದೆ ಬೆಂದಿಲ್ಲ ಕಣವ್ವ. ಬೆಂದಿದ್ರೆ ಗೋಡೆಗೆ ಅಂಟ್ತಿರ್ಲಿಲ್ಲ" ಅಂತ ಸೊಸೆಗೆ ಹೇಳಿದರು. ಅಲ್ಲಿಂದ ಅತ್ತೆ ಸೊಸೆಗೆ ಹತ್ತಿಕೊಂಡ ಜಗಳ ಎರಡು ದಿನ ನಡೆಯಿತು. ಮುದ್ದೆ ಎಸೆದವಳನ್ನು ಎಲ್ಲರೂ ಮರೆತೇಬಿಟ್ಟರು.

ಮರೆಯದವಳು ಅರ್ಪಿತ ಒಬ್ಬಳೇ. ಏನಾದರೂ ಎಸೆದಮೇಲೆ, ಯಾರಿಗಾದರೂ ಬೈದಮೇಲೆ, ರಂಜಿತ ಕೊಟ್ಟಿಗೆಯ ಹಿಂದೆ ಹೋಗಿ ಅಳುತ್ತಾಳೆ ಎಂಬುದು ಅವಳಿಗೆ ಮಾತ್ರ ಗೊತ್ತಿತ್ತು. ಅವಳು ಹೋಗಿ "ಯಾಕೆ" ಅಂತ ಕೇಳುತ್ತಿರಲಿಲ್ಲ. ಬಾಚಣಿಗೆ ಹಿಡಿದು ಹಿಂದೆ ಕೂತು, ತಂಗಿಯ ಜಡೆ ಬಿಚ್ಚಿ ಮತ್ತೆ ಹೆಣೆಯುತ್ತಿದ್ದಳು. ಜಡೆ ಮುಗಿಯುವ ಹೊತ್ತಿಗೆ ಹುಡುಗಿ ಹುಡುಗಿಯಾಗುತ್ತಿದ್ದಳು. "ಬೇಕೂಂತ ಮಾಡಲ್ಲ ಕಣಕ್ಕ" ಅಂತ ಒಮ್ಮೆ ಅಂದಳಂತೆ. "ಕೈ ಮೊದ್ಲು ಓಯ್ತದೆ. ನಾನು ಆಮೇಲೆ ಓಯ್ತೀನಿ."

ಒಂಬತ್ತನೇ ಕ್ಲಾಸಿನಲ್ಲಿ ಆ ಕೈ ಸ್ಕೂಲಿನಲ್ಲೂ ಮೊದಲು ಹೋಯಿತು. ಹೇಮಂತ್ ಎನ್ನುವ ಹುಡುಗ ಇವಳ ಚಪ್ಪಲಿ ಬಚ್ಚಿಟ್ಟ. ಇವಳು ಅವನ ಬ್ಯಾಗನ್ನು ಪುಸ್ತಕ, ಡಬ್ಬಿ, ಡಬ್ಬಿಯೊಳಗಿನ ಚಿತ್ರಾನ್ನದ ಸಮೇತ ನೀರಿನ ತೊಟ್ಟಿಗೆ ಎಸೆದಳು. ಮಾರನೆಯ ದಿನ ನಲ್ಲಿ ತಿರುಗಿಸಿದವರಿಗೆಲ್ಲ ಸಾಸಿವೆ ಬಂತು. ಹೆಡ್ಮೇಷ್ಟ್ರು ಭಾವನನ್ನು ಕರೆಸಿ, ಇನ್ನೊಂದು ಸಲ ಹೀಗಾದರೆ ಟಿಸಿ ಕೊಡಬೇಕಾಗುತ್ತದೆ, ಮಂಡ್ಯದಲ್ಲಿ ಇಂಥ ಮಕ್ಕಳ ಜೊತೆ ಮಾತಾಡುವ ಮೇಡಂ ಒಬ್ಬರಿದ್ದಾರೆ, ಕರೆದುಕೊಂಡು ಹೋಗಿ ಅಂದರು.

ಆದರೆ ನಮ್ಮವರು ಡಾಕ್ಟರ ಹತ್ತಿರ ಹೋಗುವ ಮುಂಚೆ ತಮಗೆ ಗೊತ್ತಿರುವುದನ್ನೆಲ್ಲ ಮಾಡಿ ಮುಗಿಸಬೇಕಲ್ಲ. ಸಣ್ಣತಾಯಮ್ಮ ಮೆಣಸಿನಕಾಯಿ, ಉಪ್ಪು ನಿವಾಳಿಸಿ ಒಲೆಗೆ ಹಾಕಿದರು. ಘಾಟಿಗೆ ಮನೆಯವರೆಲ್ಲ ಕೆಮ್ಮಿ ಬೀದಿಗೆ ಓಡಿದರು, ರಂಜಿತ ಮಾತ್ರ ನಡುಮನೆಯಲ್ಲಿ ಕಣ್ಣು ಕೆಂಪಗೆ ಮಾಡಿಕೊಂಡು ಕೂತಿದ್ದಳು. ತಾಯತ ಕಟ್ಟಿದರು. ಸಿಟ್ಟು ಬಂದಾಗ ಅದನ್ನೇ ಕಿತ್ತು ಎಸೆದಳು. ಭಾವನದು ಇನ್ನೊಂದು ಚಿಕಿತ್ಸೆ. "ಕಿರುಚ್ಬ್ಯಾಡಾ!" ಅಂತ ಅವಳಿಗಿಂತ ಜೋರಾಗಿ ಕಿರುಚುವುದು. ಇದನ್ನು ನಾನೂ ಮಾಡಿದ್ದೇನೆ, ಯಾವ ಪ್ರಯೋಜನವೂ ಇಲ್ಲ.

ಕೊನೆಗೆ ಮಂಡ್ಯಕ್ಕೆ ಕರೆದುಕೊಂಡು ಹೋದವನು ನಾನೇ. ವೀಣ ಮೇಡಂ ರಂಜಿತಳ ಜೊತೆ ಬಾಗಿಲು ಹಾಕಿಕೊಂಡು ತುಂಬ ಹೊತ್ತು ಮಾತಾಡಿದರು. ಒಳಗಿನಿಂದ ಏನಾದರೂ ಒಡೆಯುವ ಸದ್ದು ಬರುತ್ತದೋ ಅಂತ ನಾನೂ ಅಕ್ಕನೂ ಕಿವಿ ನೆಟ್ಟಗೆ ಮಾಡಿಕೊಂಡು ಕೂತಿದ್ದೆವು. ಬರಲಿಲ್ಲ. ಆಮೇಲೆ ನಮ್ಮನ್ನು ಕರೆದರು.

"ನಿಮ್ಮ ಮಗಳು ಕೆಟ್ಟವಳಲ್ಲ. ಈ ವಯಸ್ಸಲ್ಲಿ ಸಿಟ್ಟು ಬೇಗ ಹತ್ತುತ್ತೆ, ಬ್ರೇಕು ನಿಧಾನಕ್ಕೆ ಹಿಡಿಯುತ್ತೆ" ಅಂದರು. ಬ್ರೇಕು ಅಂದಮೇಲೆ ನನಗೆ ಪೂರ್ತಿ ಅರ್ಥವಾಯಿತು. "ಸಿಟ್ಟು ಬಂತು ಅನ್ನಿಸಿದ ತಕ್ಷಣ ಅವಳು ಆ ಜಾಗ ಬಿಟ್ಟು ನಡೀಲಿ. ಇಳಿಯೋವರೆಗೂ ನಡೀಲಿ. ಆಮೇಲೆ ವಾಪಸ್ ಬಂದು, ಏನು ನೋವಾಯ್ತು ಅಂತ ಬಾಯಲ್ಲಿ ಹೇಳಲಿ. ಆದರೆ ಒಂದು ಮಾತು. ನಡೀತಿರೋವಾಗ ಯಾರೂ ಅವಳನ್ನ ತಡೀಬಾರದು, ಮಾತಾಡಿಸಬಾರದು."

ಮೇಡಂ ಯಾವ ಊರಿನವರೋ, ನಾನು ಕೇಳಲಿಲ್ಲ. ನಮ್ಮ ಕಡೆಯವರಲ್ಲ ಅನ್ನುವುದು ಮಾತ್ರ ಆಗಲೇ ಖಾತ್ರಿಯಾಯಿತು. ನಮ್ಮ ಕಡೆ ದಾರಿಯಲ್ಲಿ ಹೋಗುವವರನ್ನು "ಎಲ್ಲಿಗೆ ಒಂಟ್ರಿ?" ಅಂತ ಕೇಳದೆ ಬಿಟ್ಟರೆ ಅದು ಅವಮಾನ. ಸತ್ತವರನ್ನು ಹೊತ್ತುಕೊಂಡು ಹೋಗುವಾಗಲೂ ಒಬ್ಬ ಕೇಳಿಯೇ ಕೇಳುತ್ತಾನೆ.

ಮೊದಲ ಸಲ ರಂಜಿತ ನಡೆದದ್ದು ಒಂದು ಭಾನುವಾರ. ಅಪ್ಪನ ಜೊತೆ ಮಾತಿಗೆ ಮಾತು ಬೆಳೆಯಿತು. ಕೈ ಲೋಟದ ಕಡೆ ಹೋಗಿದ್ದನ್ನು ಹಿಂದಕ್ಕೆ ಎಳೆದುಕೊಂಡು ಚಪ್ಪಲಿ ಮೆಟ್ಟಿ ಹೊರಟಳು. ಎದುರುಮನೆಯ ನಯನ ಕಸ ಗುಡಿಸುವುದನ್ನು ನಿಲ್ಲಿಸಿ, "ಎಲ್ಲಿಗೆ ಕಣಮ್ಮಿ, ಒಬ್ಳೇ?" ಅಂದಳು. ಸೊಸೈಟಿ ಹತ್ತಿರ ಇಬ್ಬರು "ಏನವ್ವ, ಮೊಕ ಕೆಂಪಗಾಗದೆ, ಯಾರೇನಂದ್ರು?" ಅಂದರು. ಅಂಗಡಿ ಚಿಕ್ಕಮಾದು "ಬಾ, ಕಾಪಿ ಕುಡ್ಕೊಂಡು ಸಿಟ್ಟು ಮಾಡ್ಕೋ" ಅಂದ. ಅಷ್ಟು ದೂರ ತಡೆದುಕೊಂಡು ಬಂದ ಸಿಟ್ಟೆಲ್ಲ ಚಿಕ್ಕಮಾದುವಿನ ಬಿಸ್ಕತ್ತಿನ ಡಬ್ಬಿಯ ಮೇಲೆ ಇಳಿಯಿತು. ಅವನು ಪಾಪ, ನಿಜವಾಗಿಯೂ ಕಾಫಿ ಕೊಡುವುದರಲ್ಲಿದ್ದ.

ಅವತ್ತು ಸಂಜೆ ಹಾಲು ಹಾಕಲು ಊರೆಲ್ಲ ಡೈರಿ ಮುಂದೆ ಸೇರುವ ಹೊತ್ತಿಗೆ ಸಣ್ಣತಾಯಮ್ಮ ಕೋಲೂರಿಕೊಂಡು ಹೋದರು. "ನೋಡ್ರಪ್ಪ, ನಮ್ಮ ಮೊಗ ಸಿಟ್ಟು ಮಾಡ್ಕೊಂಡು ನಡ್ಕೊಂಡು ಬಂದ್ರೆ ಯಾರೂ ಮಾತಾಡಿಸ್ಕೂಡ್ದು. ಎಲ್ಲಿಗೆ ಅನ್ಕೂಡ್ದು, ಯಾಕೆ ಅನ್ಕೂಡ್ದು. ಯಾರಾದ್ರೂ ಮಾತಾಡ್ಸುದ್ರೋ, ಆಮೇಲೆ ಅವ್ರ ಮನೆ ಬಾಗ್ಲಿಗೆ ಬಂದು ನಾನು ಮಾತಾಡುಸ್ತೀನಿ" ಅಂದರು. ರಂಜಿತಳ ಸಿಟ್ಟಾದರೂ ಒಂದು ಗಳಿಗೆಯದು. ಸಣ್ಣತಾಯಮ್ಮ ಮಾತಿಗೆ ಕೂತರೆ ಎದ್ದ ಉದಾಹರಣೆ ಇಲ್ಲ. ಊರು ಒಪ್ಪಿಕೊಂಡಿತು.

ಆಮೇಲೆ ನಮ್ಮ ಕಿರುಗಾವಲಿನಲ್ಲಿ ನಡೆದದ್ದನ್ನು ನೀವು ಬಂದು ನೋಡಬೇಕಿತ್ತು. ರಂಜಿತ ಬೀದಿಗಿಳಿದರೆ ಮಾತಾಡುತ್ತ ಕೂತವರು ಅಲ್ಲೇ ಬಾಯಿ ಮುಚ್ಚುತ್ತಿದ್ದರು. ಚಿಕ್ಕಮಾದು ರೇಡಿಯೋ ಆರಿಸಿ ಎದ್ದು ನಿಲ್ಲುತ್ತಿದ್ದ. ಚಿಕ್ಕ ಮಕ್ಕಳು ಎರಡೂ ಕೈಯಲ್ಲಿ ಬಾಯಿ ಹಿಡಿದುಕೊಂಡು ದಾರಿ ಬಿಡುತ್ತಿದ್ದವು. ನಯನಳಿಗೆ ಮಾತ್ರ ಕೇಳದೆ ಇರುವುದು ಆಗುತ್ತಲೇ ಇರಲಿಲ್ಲ, ಅವಳು ಬಾಗಿಲು ಹಾಕಿಕೊಂಡು ಒಳಗೆ ಹೋಗಿಬಿಡುತ್ತಿದ್ದಳು. ನಾನೇ ಒಂದು ದಿನ ಬಸ್ಸಿನ ಕಿಟಕಿಯಿಂದ ಇವಳು ರಸ್ತೆ ಬದಿ ದಡದಡ ನಡೆಯುವುದನ್ನು ನೋಡಿ, ಅಭ್ಯಾಸಬಲ, "ಎಲ್ಲಿಗವ್ವಾ?" ಅಂದುಬಿಟ್ಟೆ. ಬಸ್ಸಿನಲ್ಲಿದ್ದ ಕಿರುಗಾವಲಿನವರೆಲ್ಲ ಒಟ್ಟಿಗೆ ನನ್ನ ಮೇಲೆ ಬಿದ್ದರು. ಸರ್ಕಾರಿ ನೌಕರನ ಮೇಲೆ ಹಲ್ಲೆ ಅಂತ ಕೇಸು ಹಾಕಬಹುದಿತ್ತು, ಮರ್ಯಾದೆಗೆ ಸುಮ್ಮನಾದೆ.

ಎಷ್ಟು ದೂರ ಹೋದಳು ಎಂಬುದರ ಮೇಲೆ ಸಿಟ್ಟು ಎಷ್ಟು ಎಂಬುದು ಗೊತ್ತಾಗುತ್ತಿತ್ತು. ಸಣ್ಣ ಸಿಟ್ಟಾದರೆ ಡೈರಿ. ಅಪ್ಪನ ಮೇಲಿನದಾದರೆ ಅಕ್ಕಿ ಗಿರಣಿ. ನಾಲೆ ಸೇತುವೆವರೆಗೆ ಹೋದಳು ಅಂದರೆ ಮನೆಯವರು ರಾತ್ರಿ ಅಡಿಗೆಗೆ ಏನಾದರೂ ಒಳ್ಳೆಯದು ಮಾಡುತ್ತಿದ್ದರು. ವಾಪಸ್ ಬಂದಮೇಲೆ ಮೇಡಂ ಹೇಳಿದಂತೆ ಬಾಯಲ್ಲಿ ಹೇಳಬೇಕಲ್ಲ, ಅದು ಬಲು ಕಷ್ಟ. ಮೊದಮೊದಲು ಗೋಡೆ ನೋಡಿಕೊಂಡು ಅರ್ಧ ಮಾತು ಹೇಳಿ ಓಡಿಹೋಗುತ್ತಿದ್ದಳು. ಆದರೂ ಹೇಳಿದಳು. ಸ್ಕೂಲಿನಲ್ಲಿ ಆಟದ ಮೈದಾನ ಸುತ್ತಲು ಹೆಡ್ಮೇಷ್ಟ್ರೇ ಒಪ್ಪಿಗೆ ಕೊಟ್ಟರು. ಹತ್ತನೇ ಕ್ಲಾಸಿನಲ್ಲಿ ಒಂದು ಬ್ಯಾಗೂ ನೀರಿಗೆ ಬೀಳಲಿಲ್ಲ. ನನಗೆ ಆ ಹುಡುಗಿಯ ಮೇಲೆ ಎಷ್ಟು ಹೆಮ್ಮೆ ಎಂದರೆ ಡ್ರೈವರಿಗೆ ದಿನವೂ ಹೇಳಿ ಹೇಳಿ, ಅವನು ಬೇರೆ ರೂಟು ಕೇಳಿಕೊಂಡ.

ಅಷ್ಟರಲ್ಲಿ ಅರ್ಪಿತಳ ಮದುವೆ ಗೊತ್ತಾಯಿತು. ಹುಡುಗ ಮಂಡ್ಯದಾಚೆಯ ದುದ್ದದವನು, ಯೋಗೀಶ. ಮಂಡ್ಯದಲ್ಲಿ ಪಂಪ್‌ಸೆಟ್ ಮೋಟರು ರಿಪೇರಿ ಮಾಡುವ ಅಂಗಡಿ ಇಟ್ಟಿದ್ದಾನೆ. ಮಾತು ಕಡಿಮೆ, ಮೋಟರುಗಳ ಸದ್ದೇ ಅವನಿಗೆ ಸಾಕು. ತಂದೆ ಇಲ್ಲದ ಹುಡುಗನಾದ್ದರಿಂದ ಮನೆಯ ಯಜಮಾನಿಕೆ ದೊಡ್ಡಪ್ಪ ಚಿಕ್ಕಬೋರಯ್ಯನದು. ಈ ಚಿಕ್ಕಬೋರಯ್ಯ ಯಾವ ಮದುವೆಗೆ ಹೋದರೂ ತಪ್ಪು ಹುಡುಕದೆ ಎಲೆ ಮುಂದೆ ಕೂರುವ ಮನುಷ್ಯನಲ್ಲ. ನಿಶ್ಚಿತಾರ್ಥದ ದಿನವೇ ಯಾರೋ ಪುಣ್ಯಾತ್ಮ ಅವನ ಕಿವಿಗೆ ಬ್ಯಾಗು, ತೊಟ್ಟಿ, ಸಾಸಿವೆಯ ಕಥೆ ಹಾಕಿದ್ದ. ಅವನು ರಂಜಿತಳನ್ನು ಮೇಲಿನಿಂದ ಕೆಳಗೆ ನೋಡಿ, "ಓಹೋ, ಇವ್ಳೇನಾ" ಅಂದ. ಅಷ್ಟಕ್ಕೇ ಅವಳು ಅವತ್ತು ಅಕ್ಕಿ ಗಿರಣಿವರೆಗೆ ನಡೆದು ಬಂದಳು.

ಅರ್ಪಿತ ಜೀವಮಾನದಲ್ಲಿ ಏನನ್ನೂ ಕೇಳಿದವಳಲ್ಲ. ಈಗ ಒಂದೇ ಒಂದು ಕೇಳಿದಳು, ತಂಗಿಯೇ ಕಳಸಗಿತ್ತಿ ಆಗಬೇಕು ಅಂತ. ಕಳಸಗಿತ್ತಿ ಅಂದರೆ ಗೊತ್ತಲ್ಲ, ನೀರು ತುಂಬಿದ ಕಳಸಕ್ಕೆ ವೀಳ್ಯದೆಲೆ, ತೆಂಗಿನಕಾಯಿ ಇಟ್ಟು ಹಿಡಿದುಕೊಂಡು ಹೆಣ್ಣುಗಂಡಿನ ಮುಂದೆ ನಡೆಯುವವಳು. ತಾಳಿ ಕಟ್ಟುವವರೆಗೆ ಅವಳು ಕಳಸ ಕೆಳಗಿಡುವಂತಿಲ್ಲ, ಹೆಣ್ಣಿನ ಹತ್ತಿರದಿಂದ ಕದಲುವಂತಿಲ್ಲ. ಅಕ್ಕ ಬೇಡ ಅಂದಳು, ಭಾವ ಬೇಡವೇ ಬೇಡ ಅಂದರು. ಅರ್ಪಿತ ಜಗಳ ಆಡಲಿಲ್ಲ. ಸೀರೆ ತೆಗೆಯಲು ಮೈಸೂರಿಗೆ ಹೊರಟಾಗ ಬಸ್ಸು ಹತ್ತದೆ ಸ್ಟಾಪಿನಲ್ಲಿ ನಿಂತುಬಿಟ್ಟಳು. ನನ್ನದೇ ಬಸ್ಸು. ಹಿಂದೆ ಹಾರನ್ ಹೊಡೆಯುತ್ತಿದ್ದರು, ಭಾವ ಒಪ್ಪಿಕೊಂಡರು.

ಅವತ್ತು ವಾಪಸ್ ಬರುವಾಗ ರಂಜಿತ ನನ್ನ ಸೀಟಿನ ಪಕ್ಕ ಕೂತಿದ್ದಳು. "ಮಾವ, ಆ ದುದ್ದದೋರು ನನ್ನ ಅವ್ರ ಮನೇಗೆ ಸೇರುಸ್ತಾರಾ?" ಅಂದಳು.

"ಯಾಕ್ ಸೇರ್ಸಲ್ಲ?"

"ನಾನು ಮದ್ವೇಲಿ ಏನಾರ ಮಾಡ್ಬುಟ್ರೆ ಆ ದೊಡ್ಡಪ್ಪ ಬಾಗ್ಲಲ್ಲೇ ನಿಲ್ಲುಸ್ತಾನೆ. ಆಮೇಲೆ ಅಕ್ಕನ್ನ ನೋಡ್ಬೇಕು ಅಂದ್ರೆ ಯಾರ್ದಾರೂ ಮದ್ವೇನೋ ಸಾವೋ ಆಗ್ಬೇಕು." ಮಡಿಲಲ್ಲಿದ್ದ ಸೀರೆ ಕವರನ್ನು ಸರಿಯಾಗಿ ಹಿಡಿದುಕೊಂಡಳು. "ನಾನೇನೂ ಮಾಡಲ್ಲ ಮಾವ. ಕಲ್ಲಾಗಿರ್ತೀನಿ."

ಧೈರ್ಯ ಹೇಳಿದೆ. ಆದರೆ ಸಿಟ್ಟು ಬಂದರೆ ನಡೆಯಬೇಕಾದ ಹುಡುಗಿಗೆ ಕದಲಬಾರದ ಕೆಲಸ ಕೊಟ್ಟಿದ್ದೇವೆ ಎಂಬುದು ನನಗೂ ಹೊಳೆಯಲಿಲ್ಲ, ಆ ಮನೆಯಲ್ಲಿ ಬೇರೆ ಯಾರಿಗೂ ಹೊಳೆಯಲಿಲ್ಲ.

ಮದುವೆ ವೈಶಾಖದಲ್ಲಿ, ಊರಾಚೆಯ ಸಮುದಾಯ ಭವನದಲ್ಲಿ. ಬೆಳಗಿನಿಂದ ಚಿಕ್ಕಬೋರಯ್ಯ ರಂಜಿತಳ ಸುತ್ತಲೇ ಸುತ್ತುತ್ತಿದ್ದ. ಕಳಸ ಓರೆ ಅಂದ. ತೆಂಗಿನಕಾಯಿಗೆ ಜುಟ್ಟು ಸಾಲದು ಅಂದ. ಹುಡುಗಿ ನಗುವುದೇ ಇಲ್ಲ, ಸೀರೆ ಅಂಗಡಿ ಬೊಂಬೆ ನಿಲ್ಲಿಸಿದ್ದೀರಾ ಅಂದ. ರಂಜಿತ ಹಲ್ಲು ಕಚ್ಚಿಕೊಂಡು ನಿಜವಾಗಿಯೂ ಕಲ್ಲಾಗಿದ್ದಳು. ಕಳಸದ ನೀರು ಮಾತ್ರ ಒಂದೊಂದು ಮಾತಿಗೂ ತುಳುಕುತ್ತಿತ್ತು.

ಮುಹೂರ್ತಕ್ಕೆ ಮುಂಚೆ ಹೆಣ್ಣುಗಂಡನ್ನು ಭವನದಿಂದಾಚೆ ಇರುವ ಬಸವಣ್ಣನ ಗುಡಿಗೆ ಕರೆದೊಯ್ದು ಕೈ ಮುಗಿಸಿಕೊಂಡು ಬಂದೆವು. ಮುಂದೆ ವಾಲಗ, ಅದರ ಹಿಂದೆ ಕಳಸ ಹಿಡಿದ ರಂಜಿತ, ಅವಳ ಹಿಂದೆ ಅರ್ಪಿತ, ಯೋಗೀಶ, ಸೋದರಮಾವನಾದ ನಾನು, ಆಮೇಲೆ ಎರಡು ಕಡೆಯ ಬೀಗರು. ಭವನದ ಗೇಟಿಗೆ ಬಂದಾಗ ವಾಲಗದವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಆಗ ಚಿಕ್ಕಬೋರಯ್ಯ ಅರ್ಪಿತಳ ಪಕ್ಕಕ್ಕೆ ಬಂದು, ಬುದ್ಧಿ ಹೇಳುವ ದನಿಯಲ್ಲಿ, "ನೋಡವ್ವ, ಈಗ್ಲೇ ಏಳ್ಬುಡ್ತೀನಿ. ಮದ್ವೆ ಆದ್ಮೇಲೆ ತಂಗಿ ಗಿಂಗಿ ಅಂತ ತೌರ ಕಡೆ ತಿರುಗ್ಕೂಡ್ದು. ಆ ಹುಡ್ಗಿ ನಮ್ಮನೆ ಕಡೆ ಬರೋದೇ ಬ್ಯಾಡ. ನಮ್ಮನೇಲಿ ಗಾಜಿನ ಸಾಮಾನು ಅವೆ" ಅಂದ.

ಅಂದದ್ದು ಅರ್ಪಿತಳಿಗೆ. ಕೇಳಿದ್ದು ರಂಜಿತಳಿಗೆ. ನಾನು ಅವಳ ಬೆನ್ನು ನೋಡುತ್ತಿದ್ದೆ. ಕಳಸ ಎರಡು ಬೆರಳು ಮೇಲೆದ್ದಿತು. ಮುಗಿಯಿತು, ಇದು ಈಗ ಚಿಕ್ಕಬೋರಯ್ಯನ ಪೇಟದ ಮೇಲೆ ಅಂದುಕೊಂಡೆ. ಕಳಸ ಮತ್ತೆ ಕೆಳಗಿಳಿದು ಎದೆಯ ಹತ್ತಿರ ಬಂತು. ಅವಳು ಗೇಟಿನೊಳಗೆ ತಿರುಗಲಿಲ್ಲ. ನೇರ ಊರ ಕಡೆಯ ರಸ್ತೆ ಹಿಡಿದು ನಡೆದುಬಿಟ್ಟಳು.

ಈಗ ನಮ್ಮವರ ಬುದ್ಧಿ ನೋಡಿ. ಹೋಗುತ್ತಿರುವವಳು ಸಿಟ್ಟು ಬಂದ ಹುಡುಗಿ ಅಂತ ಯಾರಿಗೂ ಕಾಣಲಿಲ್ಲ. ಕಂಡದ್ದು ಕಳಸ. ಕಳಸ ಮುಂದೆ ಹೋದಮೇಲೆ ಮದುವೆ ಹಿಂದೆ ಹೋಗಲೇಬೇಕು. ವಾಲಗದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಓಡಿಬಂದು ಮುಂದೆ ಸೇರಿಕೊಂಡು ಊದತೊಡಗಿದರು. ಅರ್ಪಿತ ನಡೆದಳು, ಯೋಗೀಶ ನಡೆದ, ಛತ್ರಿ ಹಿಡಿದವನು ನಡೆದ, ವಿಡಿಯೋದವನು ಹಿಂದುಹಿಂದಕ್ಕೆ ನಡೆದ. ದುದ್ದದಿಂದ ಎರಡು ಬಸ್ಸಿನಲ್ಲಿ ಬಂದಿದ್ದ ಅಷ್ಟೂ ಜನ ನಡೆದರು. ಮಂಟಪದಲ್ಲಿ ಉಳಿದವರು ಪುರೋಹಿತರೊಬ್ಬರೇ.

ಬೀದಿಯಲ್ಲಿ ಕಿರುಗಾವಲಿನವರು ಮಾತ್ರ ಹುಡುಗಿಯ ಮುಖ ನೋಡಿದರು, ನೋಡಿದ ಕೂಡಲೇ ವಿಷಯ ಗೊತ್ತಾಯಿತು. ಒಬ್ಬೊಬ್ಬರಾಗಿ ಎದ್ದು ನಿಂತರು. ಚಿಕ್ಕಮಾದು ರೇಡಿಯೋ ಆರಿಸಿದ. ಮಕ್ಕಳು ಬಾಯಿ ಹಿಡಿದುಕೊಂಡವು. ಇಡೀ ಬೀದಿಯಲ್ಲಿ ವಾಲಗ ಬಿಟ್ಟರೆ ಒಂದು ಮಾತಿಲ್ಲ. ದುದ್ದದ ಹೆಂಗಸೊಬ್ಬಳು ನನ್ನ ಹಿಂದೆ, "ಅಬ್ಬಾ, ಈ ಊರ್ನೋರ್ಗೆ ಕಳಸ ಅಂದ್ರೆ ಎಷ್ಟು ಭಕ್ತಿ!" ಅಂತ ಕೈ ಮುಗಿದಳು. ಅವಳನ್ನು ನೋಡಿ ಉಳಿದವರೂ ಕೈ ಮುಗಿದುಕೊಂಡೇ ಬಂದರು.

ಸತ್ಯ ಗೊತ್ತಿದ್ದ ನನ್ನ ಪಾಡು ಯಾರಿಗೂ ಬೇಡ. ತಡೆದರೆ ಕಳಸ ಯಾರ ತಲೆಗೆ ಹೋಗುತ್ತದೋ. ನಿಜ ಹೇಳಿದರೆ ದುದ್ದದ ಬಾಗಿಲು ಅವಳಿಗೆ ಅಲ್ಲೇ ಮುಚ್ಚಿತು. ಬೆವರು ಒರೆಸಿಕೊಂಡು ನಡೆಯುತ್ತಿದ್ದೆ. ಚಿಕ್ಕಬೋರಯ್ಯ ಏದುಸಿರು ಬಿಡುತ್ತ ಬಂದು, "ಇದ್ಯಾವ ಸಾಸ್ತ್ರ ಬೀಗ್ರೇ?" ಅಂದ.

"ನಮ್ಮ ಕಡೆ ಅದೆ" ಅಂದೆ.

"ಎಲ್ಲಿಗಂಟ?"

"ಅದು ಕಳಸಕ್ಕೆ ಬುಟ್ಟಿದ್ದು."

ಅವನು ತಲೆದೂಗಿ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ಡೈರಿ ದಾಟಿತು. ಅಕ್ಕಿ ಗಿರಣಿ ದಾಟಿತು. ಅಕ್ಕ ಹಿಂದಿನಿಂದ ನನ್ನ ಅಂಗಿ ಎಳೆದು, ದನಿಯಿಲ್ಲದೆ ಅಳುತ್ತಿದ್ದಳು.

ನಾಲೆ ಸೇತುವೆ ಮೇಲೆ ರಂಜಿತ ನಿಂತಳು. ಭುಜ ಎರಡು ಸಲ ಏರಿ ಇಳಿಯಿತು. ತಿರುಗಿ ನೋಡಿದಾಗಲೇ ಅವಳಿಗೆ ತನ್ನ ಹಿಂದೆ ಇಡೀ ಮದುವೆ ಬಂದಿರುವುದು ಕಂಡದ್ದು. ಹುಡುಗಿ ಬಿಳಿಚಿಕೊಂಡಳು. ಆದರೂ ಬಾಯಲ್ಲಿ ಹೇಳಬೇಕಾದ್ದು ಬಾಕಿ ಇತ್ತಲ್ಲ. ಚಿಕ್ಕಬೋರಯ್ಯನ ಮುಂದೆ ಬಂದಳು.

"ದೊಡ್ಡಪ್ಪ, ಈ ಕಳಸನ ನಿಮ್ಮ ತಲೆ ಮೇಲೆ ಉಯ್ಯಬೇಕು ಅನ್ನುಸ್ತು. ಉಯ್ನಿಲ್ಲ, ನಡ್ದೆ" ಅಂದಳು. ದನಿ ಜೋರಿರಲಿಲ್ಲ. "ಬೇರೆ ಏನ್ ಬೇಕಾದ್ರೂ ಅನ್ನಿ. ಅಕ್ಕನ್ನ ನೋಡೋಕೆ ಬರ್ಬ್ಯಾಡ ಅಂತ ಮಾತ್ರ ಅನ್ಬ್ಯಾಡಿ. ನಿಮ್ಮ ಗಾಜು ಮುಟ್ಟಲ್ಲ ನಾನು. ಒಳೀಕೂ ಬರಲ್ಲ. ಜಗಲಿ ಮೇಲೆ ಕೂತು, ಅಕ್ಕನ್ನ ನೋಡ್ಕೊಂಡು ಬತ್ತೀನಿ."

ವಿಡಿಯೋದವನು ಕ್ಯಾಮೆರಾ ಇಳಿಸಿದ. ಯಾವ ಕಲ್ಲಾದರೂ ಕರಗಬೇಕಿತ್ತು. ಆದರೆ ಚಿಕ್ಕಬೋರಯ್ಯನ ತಲೆಗೆ ಹೋದದ್ದು ಒಂದೇ ವಿಷಯ.

"ಅಂಗಾದ್ರೆ ಇದು ಸಾಸ್ತ್ರ ಅಲ್ವಾ?" ಅಂತ ಕೂಗಿದ. ಕಾಲು ಎತ್ತಿ ಅಂಗಾಲು ತೋರಿಸಿದ. "ಒಂದು ಹುಡ್ಗಿ ಸಿಟ್ಟಿಗೆ ದುದ್ದದ ಗಂಡಸ್ರನ್ನ ಬಿಸ್ಲಲ್ಲಿ ಬರಿಗಾಲಲ್ಲಿ ಮೆರವಣಿಗೆ ಮಾಡ್ಸುದ್ರಾ? ಇಂಥೋಳು ನಮ್ಮನೆ ಒಸ್ಲು ತುಳಿಯೋದಾ?"

"ಲೋ!"

ಕೂಗಿದವಳು ರಂಜಿತ ಅಂತ ನಾವೆಲ್ಲ ಅವಳ ಕಡೆ ತಿರುಗಿದೆವು. ಅವಳ ಬಾಯಿ ಮುಚ್ಚಿತ್ತು. ಕೂಗಿದ್ದು ಅರ್ಪಿತ. ಬಾಸಿಂಗ ಕಟ್ಟಿದ ಹಣೆ, ಕೆಂಡದಂಥ ಕಣ್ಣು. ಬಾಯಿಗೆ ಬೆರಳಿಟ್ಟರೂ ಕಚ್ಚದ ನಮ್ಮ ಅರ್ಪಿತ. "ಅವ್ಳು ಬರ್ದಿರೋ ಮನೇಗೆ ನಾನ್ಯಾಕ್ಲಾ ಬರ್ಲಿ? ನಿನ್ನ ಗಾಜಿನ್ ಸಾಮಾನು ತೊಳೆಯೋಕಾ?" ಅಂದವಳೇ ಕಳಸದ ಮೇಲಿನ ತೆಂಗಿನಕಾಯಿಯ ಜುಟ್ಟು ಹಿಡಿದು ಎತ್ತಿಬಿಟ್ಟಳು. ಇಪ್ಪತ್ತಮೂರು ವರ್ಷದ ಸಿಟ್ಟು ಆ ಕೈಯಲ್ಲಿತ್ತು. ಚಿಕ್ಕಬೋರಯ್ಯ ಎರಡೂ ಚಪ್ಪಲಿಗಳನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡ.

ರಂಜಿತ ಕಳಸವನ್ನು ಸೊಂಟಕ್ಕೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಅಕ್ಕನ ಮಣಿಕಟ್ಟು ಹಿಡಿದಳು. "ಅಕ್ಕ, ಬ್ಯಾಡ. ಕಾಯಿ ಮಡ್ಗು. ಬಾ, ನಡಿ."

"ಬುಡೇ ನನ್ನ!"

"ನಡಿ ಅಂದ್ನಲ್ಲ. ಮಾತಾಡ್ಬ್ಯಾಡ. ಬರೀ ನಡಿ."

ಅರ್ಪಿತ ನಡೆದಳು. ನಾಲೆ ಏರಿಯ ಮೇಲೆ ಧಾರೆ ಸೀರೆ ಎತ್ತಿಕೊಂಡು ಮದುಮಗಳು ಮುಂದೆ, ಕಳಸ ಹಿಂದೆ. ವಾಲಗದ ಹಿರಿಯನು ನನ್ನ ಹತ್ತಿರ ಬಂದು, "ಸಾಮಿ, ನಾವೀಗ ಯಾರ ಮುಂದೆ ಓಗ್ಬೇಕು?" ಅಂತ ಕೇಳಿದ.

ಅಲ್ಲಿಯವರೆಗೆ ಒಂದು ಮಾತೂ ಆಡದಿದ್ದ ಯೋಗೀಶ ಪೇಟ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. "ದೊಡ್ಡಪ್ಪ, ನಂಗೂ ಸಿಟ್ಟು ಬತ್ತಾ ಅದೆ. ನೀವು ಕರೀತೀರೋ, ನಾನೂ ಆ ಕಡೀಕೇ ನಡೀಲೋ?" ಅಂದ.

ಚಿಕ್ಕಬೋರಯ್ಯ ಏರಿಯ ಕಡೆ ನೋಡಿದ. ಹುಡುಗಿಯರಿಬ್ಬರೂ ಆಗಲೇ ಕಬ್ಬಿನ ಗದ್ದೆಯ ತಿರುವಿನ ಹತ್ತಿರ ಇದ್ದರು, ವೇಗ ಕಡಿಮೆಯಾಗುವ ಲಕ್ಷಣ ಇರಲಿಲ್ಲ. ಹಿಂದೆ ತಿರುಗಿ ತನ್ನ ಜನರನ್ನು ನೋಡಿದ. ಹೆಂಗಸರೆಲ್ಲ ಅವನನ್ನೇ ನೋಡುತ್ತಿದ್ದರು. ಆ ನೋಟ ಗಂಡಸಾದವನು ತಡೆಯುವಂಥದ್ದಲ್ಲ. ಬರಿಗಾಲಲ್ಲಿ ಏರಿಯ ಮೇಲೆ ಓಡಿದ. "ಏಯ್, ನಿಂತ್ಕಳ್ರವ್ವ! ಮೂರ್ತ ಮೀರ್ತದೆ! ಬರ್ಲಿ ಕಣವ್ವ, ಬರ್ಲಿ, ದಿನಾ ಬರ್ಲಿ! ಜಗಲಿ ಮೇಲೆ ಯಾಕೆ, ನಡುಮನೇಗೇ ಬರ್ಲಿ! ಗಾಜು ಒಡುದ್ರೆ ಒಡೀಲಿ, ಸ್ಟೀಲಿನವು ತಕ್ಕಂಡ್ರಾಯ್ತು!"

ರಂಜಿತ ತಿರುಗಿ, ಬೆರಳನ್ನು ತುಟಿಯ ಮೇಲಿಟ್ಟು ಸುಮ್ಮನಿರಿ ಅನ್ನುವಂತೆ ಸನ್ನೆ ಮಾಡಿದಳು. ಚಿಕ್ಕಬೋರಯ್ಯ ಹೌದಲ್ಲ ಅನ್ನುವಂತೆ ಬಾಯಿ ಮುಚ್ಚಿಕೊಂಡು ಅವರ ಹಿಂದೆ ಮೆಲ್ಲಗೆ ನಡೆದ. ಅರ್ಪಿತಳ ಸಿಟ್ಟು ಇಳಿಯಲು ಇನ್ನೊಂದು ಗದ್ದೆಯಷ್ಟು ದೂರ ಬೇಕಾಯಿತು. ಮೊದಲ ಸಲ ಅಲ್ಲವೇ, ಅವಳಿಗೆ ಅಭ್ಯಾಸ ಇರಲಿಲ್ಲ.

ಮುಹೂರ್ತ ಹೇಗೋ ಸಿಕ್ಕಿತು. ಪುರೋಹಿತರು ಮಂತ್ರದ ನಡುನಡುವೆ ನಮ್ಮನ್ನೂ ಬೈದರು, ಎರಡೂ ಒಂದೇ ರಾಗದಲ್ಲಿದ್ದದ್ದರಿಂದ ಯಾರಿಗೂ ಬೇಜಾರಾಗಲಿಲ್ಲ. ತಾಳಿ ಬೀಳುವಾಗ ಕಳಸದಲ್ಲಿ ಅರ್ಧ ನೀರು ಉಳಿದಿತ್ತು. ಊಟಕ್ಕೆ ಕೂತಾಗ ಚಿಕ್ಕಬೋರಯ್ಯ ಒಂದೇ ಒಂದು ತಪ್ಪು ಹುಡುಕಲಿಲ್ಲ. ಅಷ್ಟು ನಡೆದವನಿಗೆ ಹಸಿವೇ ಹಸಿವು.

ಸಂಜೆ ಹೆಣ್ಣು ಕಳಿಸಿಕೊಡುವ ಹೊತ್ತು. ಅಕ್ಕ ಅತ್ತಳು, ಭಾವ ಕಂಬದ ಹಿಂದೆ ನಿಂತು ಅತ್ತರು, ಸಣ್ಣತಾಯಮ್ಮ ಎಲ್ಲರಿಗೂ ಅಳಬೇಡಿ ಅಂತ ಬೈಯುತ್ತ ಅತ್ತರು. ಅರ್ಪಿತ ಕಾರು ಹತ್ತುವ ಮುಂಚೆ ತಂಗಿಯ ಜಡೆಯನ್ನು ಒಮ್ಮೆ ಎಳೆದು ಸರಿಮಾಡಿದಳು. ಕಾರು ಹೊರಟಿತು. ರಂಜಿತ ಗೇಟಿನ ಹತ್ತಿರ ಮುಷ್ಟಿ ಬಿಗಿಹಿಡಿದು ನಿಂತಿದ್ದಳು. ಮುಖ ಕೆಂಪಗಾಗಿತ್ತು. ನಾನು ಹತ್ತಿರ ಹೋಗಿ ಮೆಲ್ಲಗೆ, "ನಡೀಬೇಕಾ ಮಗ? ನಾನು ಮಾತಾಡ್ಸಲ್ಲ, ಹಿಂದೆ ಬತ್ತೀನಿ" ಅಂದೆ.

"ಬ್ಯಾಡ ಮಾವ. ಇದು ಸಿಟ್ಟಲ್ಲ" ಅಂದಳು.

ಕಾರಿನ ಹಿಂದಿನ ದೀಪ ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದಳು. ಆಮೇಲೆ ಹೊಸ ರೇಷ್ಮೆ ಸೆರಗಿನಲ್ಲೇ ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿದಳು.

"ಮಾವ, ಬೆಳಿಗ್ಗೆ ಮಂಡ್ಯಕ್ಕೆ ಓಗೋ ಮೊದಲ್ನೇ ಬಸ್ಸು ಇಡುದ್ರೆ, ದುದ್ದಕ್ಕೆ ಎಷ್ಟೊತ್ಗೆ ಓಯ್ತೀನಿ?"